ಟ್ರೇಲರ್ ಗಾಲಿಗೆ ಪಿಂಗಾಣಿ ಬೇರಿಂಗ್ ಬೇಕೇ?



ಸುಗ್ಗಿಯ ಕಾಲದಲ್ಲಿ ಒಂದು ದಿನ ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಕಿತ್ತು ಸಾಲು ಹಾಕಿದ ಉಳ್ಳಾಗಡ್ಡಿಯ ಮೇಲೆ ಒಂದು ಮಳೆ ಬಿದ್ದರೆ ವರ್ಷದ ದುಡಿಮೆ ಕೊಳೆಯುತ್ತದೆ. ಕೊಯ್ದ ಹೆಸರು ಕಣ ಸೇರುವ ಮೊದಲು ನೆನೆದರೆ ಕಾಳು ಮೊಳಕೆಯೊಡೆಯುತ್ತದೆ. ಬೀಜ, ಗೊಬ್ಬರ, ಔಷಧಿಗಳ ಬಗ್ಗೆ ನಾವು ವಿಜ್ಞಾನಿಗಳು ವರ್ಷವಿಡೀ ಬರೆಯುತ್ತೇವೆ. ಆದರೆ ಬೆಳೆದದ್ದನ್ನು ಹೊಲದಿಂದ ಮನೆಗೆ, ಮನೆಯಿಂದ ಪೇಟೆಗೆ ಮುಟ್ಟಿಸುವ ಗಾಲಿಯ ಬಗ್ಗೆ ಬರೆಯುವವರು ಕಡಿಮೆ. ಈ ಲೇಖನ ಆ ಗಾಲಿಯ ಒಳಗಿರುವ ಬೇರಿಂಗಿನ ಕುರಿತದ್ದು.

ನಾನು ಬೇಸಾಯ ಶಾಸ್ತ್ರದವನು. ಯಂತ್ರಗಳು ನನ್ನ ವಿಷಯವಲ್ಲ. ಆದರೂ ಇದನ್ನು ಬರೆಯಲು ಒಂದು ಕಾರಣವಿದೆ. ಕಳೆದ ಹಂಗಾಮಿನಲ್ಲಿ ಶಿರಹಟ್ಟಿ ಕಡೆಯ ತರುಣ ರೈತನೊಬ್ಬ ತಂದೆಯೊಡನೆ ಬಂದು ತನ್ನ ಮೊಬೈಲಿನಲ್ಲಿದ್ದ ಒಂದು ಜಾಹೀರಾತನ್ನು ತೋರಿಸಿ ಕೇಳಿದ: "ಸರ್, ಸಮುದ್ರದ ದೋಣಿ ಸಾಗಿಸೂ ಟ್ರೇಲರಿಗೆ ಪಿಂಗಾಣಿ ಬೇರಿಂಗ್ ಹಾಕ್ತಾರಂತ. ನೀರಾಗ ಮುಳುಗಿದ್ರೂ ತುಕ್ಕು ಹಿಡಿಯೂದಿಲ್ಲಂತ. ನಮ್ಮ ಟ್ರೇಲರಿಗೆ ಹಾಕ್ಸಿದ್ರ ಹೆಂಗ?" ಮಗನ ಮಾತು ಮುಗಿಯುವ ಮೊದಲೇ ತಂದೆ ನಕ್ಕು, "ಮೊದಲ ಗ್ರೀಸ್ ಹಚ್ಚೂದು ಕಲಿ ತಮ್ಮಾ" ಎಂದರು. ಮಗನ ಪ್ರಶ್ನೆ ಹಗುರವಾದದ್ದಲ್ಲ. ಹಿಂದಿನ ವರ್ಷ ಅವರ ಟ್ರೇಲರಿನ ಒಂದು ಗಾಲಿ ಹಳ್ಳದ ನಡುವೆ ಸಿಕ್ಕಿಬಿದ್ದು ಎರಡು ದಿನ ಶೇಂಗಾ ನೆನೆದಿತ್ತು. ತಂದೆಯ ಮಾತೂ ತಳ್ಳಿಹಾಕುವಂಥದ್ದಲ್ಲ. ಕೃಷಿ ಯಂತ್ರೋಪಕರಣಗಳನ್ನು ಬಲ್ಲ ಸಹೋದ್ಯೋಗಿಗಳೊಡನೆ ಕುಳಿತು ವಿಚಾರಿಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಚಕ್ಕಡಿಯಿಂದ ಟ್ರೇಲರಿನವರೆಗೆ

ನಮ್ಮ ಹಿರಿಯರ ಚಕ್ಕಡಿಯಲ್ಲಿ ಬೇರಿಂಗ್ ಇರಲಿಲ್ಲ. ಕಬ್ಬಿಣದ ಅಚ್ಚು, ಅದರ ಮೇಲೆ ಗಾಲಿಯ ಗುಂಭ, ನಡುವೆ ಕೀಲೆಣ್ಣೆ, ಹೊರಗೆ ಕಡಾಣಿ, ಇಷ್ಟೇ. ಪ್ರಯಾಣ ಹೊರಡುವ ಮುನ್ನ ಕೀಲೆಣ್ಣೆ ಹಾಕದ ಒಕ್ಕಲಿಗನಿರಲಿಲ್ಲ. ಹಾಕದಿದ್ದರೆ ಗಾಲಿ ಕಿರುಗುಟ್ಟಿ ಊರಿಗೇ ಸಾರುತ್ತಿತ್ತು. ಮುಂದೆ ಟೈರಿನ ಗಾಡಿಗಳು ಬಂದಾಗ ಗಾಲಿಯೊಳಗೆ ಬೇರಿಂಗ್ ಸೇರಿತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಿಂದಲೇ ಚಕ್ಕಡಿಯ ಸುಧಾರಣೆಗಾಗಿ ದುಡಿದರು. ಎತ್ತಿನ ಹೆಗಲಿನ ಭಾರ ಇಳಿಸುವುದು ಅವರ ಗುರಿಯಾಗಿತ್ತು.

ಇಂದು ಟ್ರೇಲರಿನ ಗಾಲಿಗಳಲ್ಲಿರುವ ಟೇಪರ್ ಬೇರಿಂಗ್ ಹುಟ್ಟಿದ್ದೂ ಗಾಡಿಗಾಗಿಯೇ ಎಂಬುದು ಕುತೂಹಲದ ಸಂಗತಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆ ಸಾರೋಟು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಗಾಡಿ ತಿರುವಿನಲ್ಲಿ ತಿರುಗುವಾಗ ಗಾಲಿಯ ಮೇಲೆ ಮೇಲಿನಿಂದ ಬೀಳುವ ಭಾರದ ಜೊತೆಗೆ ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಓರೆಯಾಗಿ ಜೋಡಿಸಿದ ರೋಲರುಗಳು ಈ ಎರಡನ್ನೂ ತಾಳಿಕೊಳ್ಳುತ್ತವೆ. ಎರೆಭೂಮಿಯ ರೈತರು ನೆನಪಿಡಬಹುದಾದ ಇನ್ನೊಂದು ಕಥೆಯಿದೆ. ಸ್ವೀಡನ್ ದೇಶದ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯೊಂದು ಜೇಡಿಮಣ್ಣಿನ ನೆಲದ ಮೇಲಿತ್ತು. ನೆಲ ಸರಿದಾಡಿ ಯಂತ್ರಗಳ ದಂಡಗಳು ಸೊಟ್ಟಗಾಗಿ ಬೇರಿಂಗುಗಳು ಹಾಳಾಗುತ್ತಿದ್ದವು. ಅದನ್ನು ನೋಡಿಯೇ ಅಲ್ಲಿನ ಇಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ 1907ರಲ್ಲಿ ಸೊಟ್ಟಗಾದರೂ ತಾನೇ ಹೊಂದಿಕೊಳ್ಳುವ ಗುಂಡಿನ ಬೇರಿಂಗನ್ನು ರೂಪಿಸಿದ. ಹಿಗ್ಗುವ ಕುಗ್ಗುವ ಮಣ್ಣಿನ ಉಪಟಳ ಗದಗ-ಬೆಟಗೇರಿಯವರಿಗಷ್ಟೇ ಅಲ್ಲ.

ಪಿಂಗಾಣಿ ಬೇರಿಂಗ್ ಎಂದರೇನು?

ಪಿಂಗಾಣಿ ಎಂದೊಡನೆ ಚಹಾದ ಕಪ್ಪು ನೆನಪಾಗುವುದು ಸಹಜ. ಬೇರಿಂಗಿನಲ್ಲಿ ಬಳಸುವುದು ಅದಲ್ಲ. ಸಿಲಿಕಾನ್ ನೈಟ್ರೈಡ್ ಅಥವಾ ಜಿರ್ಕೋನಿಯ ಎಂಬ ಪುಡಿಯನ್ನು ಒತ್ತಿ, ಬಹಳ ಹೆಚ್ಚಿನ ಉಷ್ಣದಲ್ಲಿ ಸುಟ್ಟು, ಅತಿ ನುಣುಪಾಗಿ ಉಜ್ಜಿ ಗುಂಡುಗಳನ್ನು ಮಾಡುತ್ತಾರೆ. ಇಂಥ ಬೇರಿಂಗುಗಳಲ್ಲಿ ಎರಡು ಬಗೆ. ಗುಂಡುಗಳು ಮಾತ್ರ ಪಿಂಗಾಣಿಯವು, ಒಳಬಳೆ ಹೊರಬಳೆಗಳು ಉಕ್ಕಿನವು ಇರುವುದು ಮಿಶ್ರ ಬೇರಿಂಗ್. ಬಳೆಗಳೂ ಪಿಂಗಾಣಿಯವೇ ಆಗಿದ್ದರೆ ಅದು ಪೂರ್ಣ ಪಿಂಗಾಣಿ ಬೇರಿಂಗ್.

ಸಿಲಿಕಾನ್ ನೈಟ್ರೈಡಿನ ಗುಣಗಳು ಮೆಚ್ಚುವಂಥವು. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಇದು 3.2 ಗ್ರಾಂ ಮಾತ್ರ. ಗಡಸುತನದಲ್ಲಿ ಬೇರಿಂಗ್ ಉಕ್ಕಿನ ಇಮ್ಮಡಿ. ಕಾದಾಗ ಹಿಗ್ಗುವುದು ಉಕ್ಕಿನ ಕಾಲುಭಾಗದಷ್ಟು. ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಆದ್ದರಿಂದಲೇ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಲೇತು-ಮಿಲ್ಲಿಂಗ್ ಯಂತ್ರಗಳ ದಂಡಗಳಲ್ಲಿ ಇವು ನೆಲೆ ನಿಂತಿವೆ. 1990ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯ ಇಂಜಿನ್ನಿನ ದ್ರವ ಆಮ್ಲಜನಕದ ಪಂಪಿನಲ್ಲೂ ಈ ಗುಂಡುಗಳು ಬಂದವು. ವಿದ್ಯುತ್ ಹಾಯದ ಗುಣದಿಂದಾಗಿ ಗಾಳಿಯಂತ್ರಗಳ ಜನರೇಟರುಗಳಲ್ಲಿಯೂ ಮಿಶ್ರ ಬೇರಿಂಗ್ ಬಳಸುವ ರೂಢಿಯಿದೆ. ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ನೀವು ದಿನವೂ ನೋಡುತ್ತೀರಿ.

ಹೀಗಿರುವಾಗ ಟ್ರೇಲರಿಗೆ ಏಕೆ ಬೇಡ? ಮೊದಲು ದೋಣಿಯವರ ಅನುಭವವನ್ನು ನೋಡೋಣ.

ಕಡಲಿನವರಿಂದ ಕಲಿಯುವ ಪಾಠ

ಕಾರವಾರ, ಮಲ್ಪೆ, ಮಂಗಳೂರಿನ ಮೀನುಗಾರಿಕೆ ದೋಣಿಗಳಲ್ಲಿ ನೀರಿನೊಳಗೆ ತಿರುಗುವ ಪಂಕದ ದಂಡಕ್ಕೆ ಸಾಮಾನ್ಯವಾಗಿ ಗುಂಡಿನ ಬೇರಿಂಗ್ ಇರುವುದೇ ಇಲ್ಲ. ಅಲ್ಲಿರುವುದು ಬುಶ್. ಒಳಮೈಗೆ ರಬ್ಬರ್ ಹಚ್ಚಿದ ಬುಶ್ಶುಗಳಿಗೆ ಸಮುದ್ರದ ನೀರೇ ಎಣ್ಣೆಯ ಕೆಲಸ ಮಾಡುತ್ತದೆ. ನಿಮ್ಮ ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪಿನ ಬುಶ್ಶುಗಳದ್ದೂ ಇದೇ ತತ್ವ. ನೀರನ್ನು ಹೊರಗಿಡಲಾಗದ ಕಡೆ ನೀರಿನೊಡನೆಯೇ ಬದುಕುವ ಬುಶ್ ಇಡುವುದು ಹಳೆಯ ಜಾಣತನ.

ದೋಣಿಯನ್ನು ಹೊತ್ತು ನೀರಿಗಿಳಿಸುವ ಟ್ರೇಲರಿನ ಮಾತು ಬೇರೆ. ಪರದೇಶಗಳಲ್ಲಿ ಈ ಟ್ರೇಲರುಗಳು ಗಾಲಿ ಮುಳುಗುವವರೆಗೆ ಉಪ್ಪುನೀರಿಗೆ ಇಳಿಯುತ್ತವೆ. ಅಲ್ಲಿಯೂ ಬಹುತೇಕ ಟ್ರೇಲರುಗಳಲ್ಲಿರುವುದು ಉಕ್ಕಿನ ಟೇಪರ್ ಬೇರಿಂಗೇ. ಅವರು ಹಣ ಖರ್ಚು ಮಾಡುವುದು ಒಳ್ಳೆಯ ಆಯಿಲ್ ಸೀಲಿಗೆ, ನೀರು ತೊಳೆದೊಯ್ಯದ ಗ್ರೀಸಿಗೆ, ಮತ್ತು ಹಬ್ಬಿನ ಬಾಯಿಗೆ ಹಾಕುವ ಸ್ಪ್ರಿಂಗ್ ಮುಚ್ಚಳಕ್ಕೆ. ಈ ಮುಚ್ಚಳ ಒಳಗಿನ ಗ್ರೀಸನ್ನು ಸದಾ ತುಸು ಒತ್ತಿ ಹಿಡಿದಿರುವುದರಿಂದ ನೀರಿಗೆ ಒಳನುಗ್ಗಲು ಎಡೆ ಸಿಗುವುದಿಲ್ಲ.

ಹಳ್ಳದ ನೀರು ಹಬ್ಬಿನೊಳಗೆ ಹೋಗುವ ಬಗೆ

ಮೊಳಕಾಲುದ್ದದ ನೀರಿನಲ್ಲಿ ಐದು ನಿಮಿಷ ಟ್ರೇಲರ್ ನಡೆದರೆ ಸೀಲ್ ದಾಟಿ ನೀರು ಒಳಗೆ ಹೋಗುವುದೆಂತು? ಇದಕ್ಕೆ ಉತ್ತರ ಬಿಸಿಯಲ್ಲಿದೆ. ತುಂಬಿದ ಟ್ರೇಲರ್ ಹತ್ತು ಮೈಲಿ ಓಡಿ ಬಂದಾಗ ಹಬ್ಬು ಕಾದಿರುತ್ತದೆ. ಒಳಗಿನ ಗಾಳಿ 70 ಡಿಗ್ರಿ ಇದೆಯೆಂದುಕೊಳ್ಳಿ. ಅದು 25 ಡಿಗ್ರಿಯ ನೀರಿಗೆ ಇಳಿದರೆ ಗಾಳಿ ಕುಗ್ಗಿ ಒಳಗಿನ ಒತ್ತಡ ಸುಮಾರು ನೂರಕ್ಕೆ 13ರಷ್ಟು ಬೀಳುತ್ತದೆ. ಇದು ಒಂದೂಕಾಲು ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಎಂದರೆ ಹಳ್ಳ ಒಂದು ಅಡಿ ಆಳವಿದ್ದರೂ ನಿಮ್ಮ ಹಬ್ಬಿಗೆ ಅದು ಎದೆಮಟ್ಟದ ನೀರು. ಬಿಸಿ ತವೆಯ ಮೇಲೆ ತಣ್ಣೀರು ಬಿದ್ದ ಹಾಗೆ ಅಲ್ಲ, ಬಾಯಿ ಹಚ್ಚಿ ಹೀರಿದ ಹಾಗೆ ಹಬ್ಬು ನೀರನ್ನು ಎಳೆದುಕೊಳ್ಳುತ್ತದೆ.

ಶಿರಹಟ್ಟಿ, ಮುಂಡರಗಿ ತಾಲೂಕುಗಳ ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತಾಳೆ. ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜಿದೆ. ನದಿ ದಂಡೆಯ ಹೊಲಗಳಿಂದ, ಲಕ್ಷ್ಮೇಶ್ವರದ ಸುತ್ತಿನ ಹಳ್ಳಗಳನ್ನು ದಾಟಿ ಬರುವ ಟ್ರೇಲರುಗಳು ದಿನಕ್ಕೆ ಎಷ್ಟು ಸಲ ನೀರಿಗೆ ಇಳಿಯುತ್ತವೆ ಎಂಬುದನ್ನು ನೀವೇ ಎಣಿಸಿ ನೋಡಿರಿ. ದುಡಿಮೆ ಮುಗಿಸಿ ಬಂದ ಕೂಡಲೇ ಕೆರೆಗೆ ಇಳಿಸಿ ತೊಳೆಯುವ ಅಭ್ಯಾಸವನ್ನೂ ಈ ಲೆಕ್ಕಕ್ಕೆ ಸೇರಿಸಿರಿ.

ಉಪ್ಪು ನಮ್ಮ ಚೀಲದಲ್ಲೂ ಇದೆ

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕಡಲು ನಮಗೆ ದೂರ ನಿಜ; ಆದರೆ ಇಲ್ಲಿ ಬೇಸಾಯ ಶಾಸ್ತ್ರಜ್ಞನಾಗಿ ನಾನೊಂದು ಮಾತು ಹೇಳಲೇಬೇಕು. ನೀವು ಟ್ರೇಲರಿನಲ್ಲಿ ಹೇರುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದ ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡೇ. ಉಕ್ಕನ್ನು ಕೊರೆಯುವ ಉಪ್ಪಿನ ಅಂಶ ಅದೇ. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹರಿದ ಚೀಲದಿಂದ ಸೋರಿದ ಗೊಬ್ಬರ, ತಿಪ್ಪೆಗೊಬ್ಬರದ ರಸ, ಸವಳು ಕೊಳವೆ ಬಾವಿಯ ನೀರು ಇವೆಲ್ಲ ಸೇರಿ ಹಬ್ಬಿನ ಹಿಂಬದಿಗೆ ಒಂದು ಸಣ್ಣ ಸಮುದ್ರವನ್ನೇ ತರುತ್ತವೆ. ಸಾಮಾನ್ಯ ಬೇರಿಂಗ್ ಉಕ್ಕಿನಲ್ಲಿ ನೂರಕ್ಕೆ ಒಂದರಷ್ಟು ಇಂಗಾಲ, ಒಂದೂವರೆಯಷ್ಟು ಕ್ರೋಮಿಯಂ ಇರುತ್ತದೆ. ತುಕ್ಕು ತಡೆಯುವ ಸ್ಟೇನ್‌ಲೆಸ್ ಉಕ್ಕಿಗೆ ಕನಿಷ್ಠ ಹತ್ತೂವರೆ ಭಾಗ ಕ್ರೋಮಿಯಂ ಬೇಕು. ಆದ್ದರಿಂದ ಹೊಳೆಯುವ ಹೊಸ ಬೇರಿಂಗೂ ತುಕ್ಕಿಗೆ ಹೊರತಲ್ಲ.

ನಮ್ಮ ಟ್ರೇಲರಿಗೆ ಪಿಂಗಾಣಿ ಏಕೆ ಒಗ್ಗದು?

ಮೊದಲನೆಯದಾಗಿ, ಅದರ ದೊಡ್ಡ ಗುಣ ನಮಗೆ ಬೇಕಿಲ್ಲ. ಹಗುರವಾದ ಗುಂಡಿನ ಲಾಭ ಕಾಣುವುದು ಅತಿ ವೇಗದಲ್ಲಿ. ಒಂದು ಮೀಟರ್ ಎತ್ತರದ ಟೈರಿನ ಟ್ರೇಲರ್ ಗಂಟೆಗೆ 20 ಕಿಲೋಮೀಟರ್ ಓಡಿದರೆ ಅದರ ಗಾಲಿ ನಿಮಿಷಕ್ಕೆ ನೂರರ ಆಸುಪಾಸಿನಷ್ಟು ಸುತ್ತು ತಿರುಗುತ್ತದೆ. ಓಟದ ಕುದುರೆಯನ್ನು ಕುಂಟೆಗೆ ಹೂಡಿದಂತೆ.

ಎರಡನೆಯದಾಗಿ, ನಮ್ಮ ಕೆಲಸ ಭಾರದ್ದು ಮತ್ತು ಪೆಟ್ಟಿನದು. ಐದು ಟನ್ ಮಾಲು, ಒಂದೂವರೆ ಟನ್ ಟ್ರೇಲರಿನ ತೂಕ ಎಂದು ಹಿಡಿದರೆ ನಾಲ್ಕು ಗಾಲಿಯ ಟ್ರೇಲರಿನ ಒಂದೊಂದು ಗಾಲಿಯ ಮೇಲೆ ಸುಮಾರು 1,600 ಕಿಲೋ ಭಾರ. ಅದು ಕಲ್ಲಿನಿಂದ ತಗ್ಗಿಗೆ ಧೊಪ್ಪೆಂದು ಬಿದ್ದಾಗ ಆಗುವ ಪೆಟ್ಟು ಇದಕ್ಕೂ ಹೆಚ್ಚು. ಉಕ್ಕಿನ ಗುಂಡು ಭಾರಕ್ಕೆ ಕೂದಲೆಳೆಯಷ್ಟು ಚಪ್ಪಟೆಯಾಗಿ ಒತ್ತಡವನ್ನು ಹರಡುತ್ತದೆ. ಪಿಂಗಾಣಿ ಗುಂಡಿನ ಬಿಗುವು ಉಕ್ಕಿನ ಒಂದೂವರೆ ಪಟ್ಟು. ಅದು ಬಾಗುವುದಿಲ್ಲ, ಉಕ್ಕಿನ ಬಳೆಯಲ್ಲಿ ಕುಳಿ ಬೀಳಿಸುತ್ತದೆ. ಬಳೆಯೂ ಪಿಂಗಾಣಿಯದೇ ಆಗಿದ್ದರೆ ಪೆಟ್ಟಿಗೆ ಅದು ಸೀಳುವ ಅಪಾಯವಿದೆ. ಉಕ್ಕು ಸೋಲುವ ಮೊದಲು ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಅಲುಗುತ್ತದೆ. ಪಿಂಗಾಣಿ ಅಂಥ ಎಚ್ಚರಿಕೆ ಕೊಡದೆ ಒಡೆಯಬಹುದು.

ಮೂರನೆಯದಾಗಿ, ಸಾಮಾನ್ಯವಾಗಿ ಸಿಗುವ ಪಿಂಗಾಣಿ ಬೇರಿಂಗುಗಳು ಗುಂಡಿನವು. ಟ್ರೇಲರಿಗೆ ಬೇಕಾದದ್ದು ಟೇಪರ್ ರೋಲರ್. ಪಕ್ಕದ ಒತ್ತಡ ತಾಳುವ ಜೋಡಿಯನ್ನು ತೆಗೆದು ಅಳತೆಗೆ ಕೂಡುತ್ತದೆಂದು ಬೇರೆ ಬಗೆಯದನ್ನು ಕೂಡಿಸುವುದು ತಪ್ಪು.

ನಾಲ್ಕನೆಯದಾಗಿ, ನೀರು ಮತ್ತು ಮಣ್ಣಿನ ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ. ಮಿಶ್ರ ಬೇರಿಂಗಿನ ಬಳೆ ಉಕ್ಕಿನದೇ ಆದ್ದರಿಂದ ತುಕ್ಕು ಅದನ್ನು ಬಿಡದು. ನದಿಯ ಮರಳಿನ ಕಣ ಬೇರಿಂಗ್ ಉಕ್ಕಿಗಿಂತ ಗಡಸು. ಗುಂಡಿಗೆ ಗೀರು ಬೀಳದಿದ್ದರೂ ಬಳೆಗೆ ಬೀಳುತ್ತದೆ. ಇವೆಲ್ಲದರ ಮೇಲೆ ಬೆಲೆ ಸಾಮಾನ್ಯ ಬೇರಿಂಗಿನ ಹಲವು ಪಟ್ಟು. ಸುಗ್ಗಿಯ ನಡುವೆ ಕೆಟ್ಟರೆ ಗದಗಿನ ಅಂಗಡಿಯಲ್ಲಿ ಜೋಡಿ ಸಿಗುವ ಭರವಸೆಯಿಲ್ಲ. ಚಿನ್ನದ ಕತ್ತಿಯೆಂದು ಕುತ್ತಿಗೆ ಕೊಯ್ದುಕೊಳ್ಳುವವರುಂಟೇ?

ಪಿಂಗಾಣಿಯೇ ಕೆಟ್ಟದ್ದೆಂದು ಇದರರ್ಥವಲ್ಲ. ನೀರೆತ್ತುವ ಅನೇಕ ಪಂಪುಗಳ ಸೀಲಿನಲ್ಲಿ ಪಿಂಗಾಣಿ ಮತ್ತು ಇಂಗಾಲದ ಎರಡು ನುಣುಪು ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತ ನೀರನ್ನು ತಡೆಯುತ್ತವೆ. ಅಲ್ಲಿ ಭಾರ ಸಮನಾಗಿದೆ, ಪೆಟ್ಟಿಲ್ಲ. ಅದು ಪಿಂಗಾಣಿಗೆ ತಕ್ಕ ಜಾಗ.

ಹಾಗಾದರೆ ಮಾಡಬೇಕಾದದ್ದೇನು?

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗದ ತಾಕಿನ ಉಳ್ಳಾಗಡ್ಡಿ ಹೇರಿಕೊಂಡು ಬರುತ್ತಿದ್ದ ಟ್ರೇಲರಿನ ಗಾಲಿ ದಾರಿಯಲ್ಲೇ ಬಿಗಿದು ನಿಂತಿತು. ತಿಂಗಳಿಗೊಮ್ಮೆ ಹೊರಗಿನಿಂದ ಗ್ರೀಸ್ ಒತ್ತಿಸುತ್ತಿದ್ದೆನೆಂಬ ನೆಮ್ಮದಿ ನನಗಿತ್ತು. ಹಬ್ಬು ಬಿಚ್ಚಿದಾಗ ಒಳಗಿನ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ರೋಲರುಗಳು ನೀಲಿಗಟ್ಟಿದ್ದವು. ಮೂರು ಹಂಗಾಮು ಹಬ್ಬು ತೆರೆಸಿ ನೋಡದ ತಪ್ಪು ನನ್ನದೇ. ಮೂರು ತಿಂಗಳ ಅಳತೆ, ತೂಕ, ಲೆಕ್ಕ ಆ ರಾತ್ರಿಯ ಮಳೆಗೆ ಹೋಯಿತು. ಅಂದಿನಿಂದ ಅನುಸರಿಸುತ್ತಿರುವ ಕ್ರಮವನ್ನು ಕೆಳಗೆ ಕೊಟ್ಟಿದ್ದೇನೆ.

1. ವರ್ಷಕ್ಕೆ ಎರಡು ಸಲ ಹಬ್ಬು ಬಿಚ್ಚಿರಿ. ಮುಂಗಾರಿ ಬಿತ್ತನೆಗೆ ಮುನ್ನ ಒಮ್ಮೆ, ಖಂಡೇ ಪೂಜೆಯ ಹೊತ್ತಿಗೆ ಇನ್ನೊಮ್ಮೆ. ಕಬ್ಬು ಹೇರುವವರು, ಹಳ್ಳ ದಾಟುವವರು ಎಳ್ಳ ಅಮವಾಸ್ಯೆಯ ಸುಮಾರಿಗೆ ಮತ್ತೊಮ್ಮೆ ನೋಡುವುದು ಒಳ್ಳೆಯದು.

2. ಹಳೆಯ ಗ್ರೀಸನ್ನು ಪೂರ್ತಿ ತೆಗೆದು ಬೇರಿಂಗನ್ನು ಡೀಸೆಲಿನಲ್ಲಿ ತೊಳೆದು ಶುಭ್ರ ಬಟ್ಟೆಯಿಂದ ಒರೆಸಿ ಒಣಗಿಸಿರಿ. ಗಾಳಿ ಪಂಪಿನಿಂದ ಬೇರಿಂಗನ್ನು ಗಿರ್ರೆಂದು ತಿರುಗಿಸಬೇಡಿರಿ. ರೋಲರಿನಲ್ಲಿ ಕುಳಿ, ತುಕ್ಕಿನ ಚುಕ್ಕೆ, ನೀಲಿ ಬಣ್ಣ ಕಂಡರೆ ಬದಲಿಸಿರಿ. ಹೊರಬಳೆ ಮತ್ತು ರೋಲರಿನ ಭಾಗ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು.

3. ಅಂಗಡಿಗೆ ಹೋಗುವಾಗ ಹಳೆಯ ಬೇರಿಂಗಿನ ಮೇಲೆ ಕೊರೆದ ಅಂಕಿಯನ್ನು ಬರೆದುಕೊಳ್ಳಿರಿ. ಮಿಲಿಮೀಟರ್ ಅಳತೆಯ ಸಾಮಾನ್ಯ ಬೇರಿಂಗುಗಳಲ್ಲಿ ಕೊನೆಯ ಎರಡು ಅಂಕಿ 04 ಅಥವಾ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದಾಗ ಒಳತೂತಿನ ಅಳತೆ ಸಿಗುತ್ತದೆ. 30210 ಎಂದಿದ್ದರೆ 10ನ್ನು 5ರಿಂದ ಗುಣಿಸಿ 50 ಮಿಲಿಮೀಟರ್. ನಕಲಿ ಮಾಲಿನ ಕಾಟ ಇರುವುದರಿಂದ ಅಧಿಕೃತ ಮಾರಾಟಗಾರರಲ್ಲಿ ರಸೀದಿ ಸಹಿತ ಕೊಳ್ಳಿರಿ.

4. ಬಿಚ್ಚಿದಾಗಲೆಲ್ಲ ಆಯಿಲ್ ಸೀಲ್ ಹೊಸದನ್ನೇ ಹಾಕಿರಿ. ಎರಡು ತುಟಿಯ ಸೀಲ್ ಸಿಕ್ಕರೆ ಉತ್ತಮ. ಸೀಲ್ ಕೂಡುವ ಅಚ್ಚಿನ ಮೈಯಲ್ಲಿ ಗೀರು, ತುಕ್ಕು ಇರಕೂಡದು. ಹಬ್ಬಿನ ಮುಚ್ಚಳ ಕಳೆದಿದ್ದರೆ ಬಟ್ಟೆ ತುರುಕಿ ಓಡಿಸಬೇಡಿರಿ.

5. ಗಾಲಿಯ ಬೇರಿಂಗಿಗೆಂದೇ ಇರುವ, ನೀರು ತಾಳುವ ಗ್ರೀಸನ್ನು ಕೊಳ್ಳಿರಿ. ಲಿಥಿಯಂ ಕಾಂಪ್ಲೆಕ್ಸ್ ಅಥವಾ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸುಗಳು ಈ ಕೆಲಸಕ್ಕೆ ತಕ್ಕವು. ಅಗ್ಗದ ಸಾದಾ ಕ್ಯಾಲ್ಸಿಯಂ ಗ್ರೀಸ್ ನೀರು ತಾಳಿದರೂ ಬಿಸಿ ತಾಳದು. ಒಂದು ಜಾತಿಯ ಗ್ರೀಸಿಗೆ ಇನ್ನೊಂದನ್ನು ಬೆರೆಸಬೇಡಿರಿ. ಬಣ್ಣ ನೋಡಿ ಜಾತಿ ತಿಳಿಯುವುದಿಲ್ಲ.

6. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ದಪ್ಪ ಅಂಚಿನಿಂದ ಒತ್ತುತ್ತ ಬಂದು, ಪ್ರತಿ ರೋಲರಿನ ಸಂದಿಯಿಂದ ಅದು ಇನ್ನೊಂದು ಬದಿಗೆ ಹೊರಬರುವಂತೆ ತುಂಬಿರಿ. ಹಬ್ಬಿನ ಪೊಳ್ಳಿನಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಸಾಕು. ಹೆಚ್ಚು ತುಂಬಿದರೆ ಗ್ರೀಸ್ ಕಲಸಿಕೊಂಡು ಬಿಸಿಯಾಗುತ್ತದೆ.

7. ನಟ್ಟನ್ನು ಗಾಲಿ ತಿರುಗಿಸುತ್ತಲೇ ಬಿಗಿ ಮಾಡಿ, ಗಾಲಿ ತುಸು ಭಾರವಾದೊಡನೆ ನಟ್ಟಿನ ಒಂದು ಮುಖದಷ್ಟು ಹಿಂದಕ್ಕೆ ತಿರುಗಿಸಿರಿ. ಗಾಲಿ ಸಲೀಸಾಗಿ ತಿರುಗಬೇಕು, ಆದರೆ ಕುಲುಕಿದರೆ ಲಟಪಟ ಎನ್ನಬಾರದು. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದಿರಲಿ. ಅದರ ಜಾಗದಲ್ಲಿ ಮೊಳೆ ಇಲ್ಲವೇ ತಂತಿ ಸುತ್ತುವುದು ಪ್ರಾಣದ ಜೊತೆ ಆಟ. ಚಕ್ಕಡಿಯ ಕಡಾಣಿಯ ಕೆಲಸವನ್ನೇ ಈ ಪಿನ್ ಮಾಡುತ್ತದೆ.

8. ತುಂಬಿದ ಟ್ರೇಲರ್ ಓಡಿ ಬಂದು ಹಳ್ಳ ದಾಟುವ ಮುನ್ನ ಹದಿನೈದು-ಇಪ್ಪತ್ತು ನಿಮಿಷ ನಿಲ್ಲಿಸಿ ಹಬ್ಬು ಆರಲು ಬಿಡಿರಿ. ತೊಳೆಯುವುದಿದ್ದರೆ ಮರುದಿನ ಮುಂಜಾನೆ ತೊಳೆಯಿರಿ. ನೀರಿನ ಪೈಪನ್ನು ಹಬ್ಬಿನ ಹಿಂಬದಿಗೆ ನೇರವಾಗಿ ಹಿಡಿಯಬೇಡಿರಿ. ಗೊಬ್ಬರ ಹೇರಿದ ಮೇಲೆ ಟ್ರೇಲರನ್ನು ಗುಡಿಸಿದ ನಂತರವೇ ನಿಲ್ಲಿಸಿರಿ.

9. ಪ್ರತಿ ಸಲ ದೂರದಿಂದ ಬಂದಾಗ ನಾಲ್ಕೂ ಹಬ್ಬುಗಳ ಹತ್ತಿರ ಕೈ ಒಯ್ದು ನೋಡಿರಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ, ಮುಟ್ಟಿ ಹಿಡಿಯಲಾಗದಷ್ಟು ಕಾದಿದ್ದರೆ, ಆ ಗಾಲಿ ನಿಮ್ಮನ್ನು ಕರೆಯುತ್ತಿದೆ ಎಂದು ತಿಳಿಯಿರಿ. ಹಬ್ಬು ಬಿಚ್ಚಿದ ದಿನಾಂಕವನ್ನು ಟ್ರೇಲರಿನ ಹಲಗೆಯ ಮೇಲೆ ಬಣ್ಣದಿಂದ ಬರೆದಿಡಿರಿ.

ಕೊನೆಯದಾಗಿ

ಬೇರಿಂಗ್ ಹೋದರೆ ಬೆಳೆ ಹಾಳಾಗುವುದಷ್ಟೇ ಅಲ್ಲ. ಸಂಜೆ ಹೊಲದಿಂದ ಮರಳುವಾಗ ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ಹೆಣ್ಣುಮಕ್ಕಳು ಟ್ರೇಲರಿನ ಮೇಲೆ ಕುಳಿತು ಬರುವುದನ್ನು ನಾವೆಲ್ಲ ನೋಡುತ್ತೇವೆ. ಟ್ರೇಲರ್ ಇರುವುದು ಮಾಲಿಗೆ, ಮನುಷ್ಯರಿಗಲ್ಲ. ಕಾನೂನೂ ಅದನ್ನೇ ಹೇಳುತ್ತದೆ. ಓಡುವಾಗ ಗಾಲಿ ಕಳಚಿದರೆ ಆಗುವ ಅನಾಹುತವನ್ನು ಯಾವ ಪಿಂಗಾಣಿಯೂ ತಡೆಯಲಾರದು, ಯಾವ ಪರಿಹಾರವೂ ತುಂಬಿಕೊಡಲಾರದು.

ಹೊಸದನ್ನು ಕೇಳುವ ಮಗನ ಕುತೂಹಲ, ಹಳೆಯದನ್ನು ಮರೆಯದ ತಂದೆಯ ಅನುಭವ ಎರಡೂ ಒಕ್ಕಲುತನಕ್ಕೆ ಬೇಕು. ಸಂದೇಹವಿದ್ದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ವಿಚಾರಿಸಿರಿ. ಪಿಂಗಾಣಿ ಬೇರಿಂಗಿಗೆ ಕೊಡಬೇಕೆಂದಿದ್ದ ಹಣದಲ್ಲಿ ನಾಲ್ಕು ಗಾಲಿಗೂ ಒಳ್ಳೆಯ ಸೀಲ್, ಒಳ್ಳೆಯ ಗ್ರೀಸ್, ಹೊಸ ಪಿನ್ ಕೊಂಡು, ಒಂದು ಜೋಡಿ ಬೇರಿಂಗನ್ನು ಮನೆಯಲ್ಲಿ ಇಟ್ಟುಕೊಂಡರೂ ಹಣ ಉಳಿದೀತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ವರ್ಷಕ್ಕೆ ಎರಡು ದಿನ ಕೈಗೆ ಗ್ರೀಸ್ ಹತ್ತಿಸಿಕೊಂಡರೆ ಸುಗ್ಗಿ ಸುಖವಾಗಿ ಮನೆ ಸೇರುತ್ತದೆ.